ಗುಂಡುಕಲ್ಲಿಗೆ ಎಳೆದ ಸುಣ್ಣದ ಗೆರೆ

ನಾನು ಚಿಕ್ಕವನಿದ್ದಾಗ ಗುಡೇಕೋಟೆಯ ನಮ್ಮ ಮನೆಗೆ ಹಿತ್ತಲು ಅಂತ ಇದ್ದದ್ದು ಒಂದು ಗುಡ್ಡದ ಇಳಿಜಾರು. ಹಿಂಬಾಗಿಲು ದಾಟಿದರೆ ಏರು ಶುರು. ಮೇಲೆ, ಬಂಡೆಯೊಂದರ ಅಂಚಿನಲ್ಲಿ, ಎಮ್ಮೆ ಮಲಗಿದಂತೆ ಒಂದು ದೊಡ್ಡ ಗುಂಡುಕಲ್ಲು. ಬಿಸಿಲಿಗೆ ಕಾದು ಸಂಜೆಯಾದರೂ ಬೆಚ್ಚಗೇ ಇರುತ್ತಿತ್ತು. ಎಮ್ಮೆಯಷ್ಟು ದೊಡ್ಡದಿತ್ತೋ, ನಾನು ಅಷ್ಟು ಸಣ್ಣವನಿದ್ದೆನೋ, ಈಗ ಹೇಳಲಾರೆ.

ಆ ಬೇಸಿಗೆಯಲ್ಲಿ ನನ್ನ ಅಕ್ಕ, ಅಂದರೆ ನಿಮ್ಮ ಅಜ್ಜಿ, ಮದುವೆಯಾಗಿ ಹಡಗಲಿಗೆ ಹೋದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಮನೆಯಲ್ಲಿ ಉಳಿದದ್ದು ಅಪ್ಪ, ನನ್ನ ಅಜ್ಜಿ ಮತ್ತು ನಾನು. ಊರಿನ ಎಸ್‌ಟಿಡಿ ಬೂತಿನಿಂದ ಮಾತಾಡೋಣವೆಂದರೆ ಅಕ್ಕನ ಮನೆಯಲ್ಲಿ ಫೋನಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಬಂದ ನೆಂಟರ ಕೈಯಲ್ಲಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಮಲ್ಲಿಗೆ ಕಡ್ಡಿಗಳನ್ನು ಕಳಿಸಿದಳು. ಹಿತ್ತಲು ಸಮ ಮಾಡಿ ಹಚ್ಚಬೇಕಂತೆ, ಮೊದಲ ಮೊಗ್ಗು ಬಿಡಿಸಲು ತಾನೇ ಬರುತ್ತಾಳಂತೆ. ಅಂದಿನಿಂದ ಆ ತೋಟವೆಂದರೆ ನನಗೆ ಅಕ್ಕನೇ.

ಹಿತ್ತಲು ಸಮವಾಗಬೇಕಾದರೆ ಇಳಿಜಾರಿನ ಬುಡ ಕಡಿಯಬೇಕು. ಬುಡ ಕಡಿದರೆ ಗುಂಡು ಉರುಳೀತೆಂದು ಅಪ್ಪನಿಗೆ ಅಂಜಿಕೆ. ಜಾಲಿಗಿಡಗಳು ಎತ್ತ ವಾಲಿವೆ, ಮಳೆನೀರು ಎಲ್ಲಿ ಒಸರುತ್ತದೆ ಎಂದೆಲ್ಲ ನೋಡಿದ. ಆಮೇಲೆ, ಮಳೆಗೆ ತೊಳೆದುಹೋಗದಂತೆ ಬೆಲ್ಲ ಕಲಸಿದ ಸುಣ್ಣದಲ್ಲಿ, ಗುಂಡಿನಿಂದ ಕೆಳಗಿನ ಬಂಡೆಗೆ ಒಂದು ಗೆರೆ ಎಳೆದ. ಗುಂಡು ಜರುಗಿದರೆ ಗೆರೆ ಮುರಿಯಬೇಕು. "ಮಳಿಗಾಲ ಮುಗಿಯೋತನ ಗೆರಿ ಹಿಂಗ ಇದ್ರ ಅಗಿಯೋಣು," ಎಂದ.

ದಿನಾ ಸಂಜೆ ಶಾಲೆ ಬಿಟ್ಟವನೇ ಹತ್ತಿ ಹೋಗಿ ನೋಡುತ್ತಿದ್ದೆ. ಅಕ್ಕನಿಗೆ ಹೇಳಬೇಕಾದದ್ದನ್ನೆಲ್ಲ ಆ ಕಲ್ಲಿಗೆ ಹೇಳುತ್ತಿದ್ದೆ. ಮಳೆಗಾಲವೆಲ್ಲ ಗೆರೆ ನೆಟ್ಟಗೇ ಇತ್ತು, ನಿನ್ನೆ ಎಳೆದಷ್ಟು ಬೆಳ್ಳಗೆ. ಅಷ್ಟು ಬಿಳುಪು ಹೇಗೆಂದು ಅಪ್ಪನಿಗಾಗಲಿ ನನಗಾಗಲಿ ಹೊಳೆಯಲಿಲ್ಲ.

ಮಳೆಗಾಲ ಮುಗಿಯಿತೆಂದು ಒಂದು ಶುಕ್ರವಾರ ಬೆಳಿಗ್ಗೆ ಅಪ್ಪ ಗುದ್ದಲಿ ತೆಗೆದ. ಆದರೂ ಹಿಂದಿನ ರಾತ್ರಿ ಒಂದು ಜೋರು ಮಳೆಯಾಗಿತ್ತು. ಕೊನೆಯ ಸಲ ನೋಡಿ ಬರೋಣವೆಂದು ನಾನು ಮೇಲೆ ಓಡಿದೆ. ಗೆರೆ ಮುರಿದಿತ್ತು. ಗುಂಡಿನ ಮೇಲಿನ ತುಂಡು ಬಂಡೆಯ ಮೇಲಿನ ತುಂಡಿಗಿಂತ ಬೆರಳಗಲ ಪಕ್ಕಕ್ಕೆ ಸರಿದಿತ್ತು.

ಅಷ್ಟರಲ್ಲಿ ಅಜ್ಜಿ ತಂಬಿಗೆ, ಸುಣ್ಣದ ಬಟ್ಟಲು ಹಿಡಿದು ಬಂದಳು. ಎರಡೂ ತುಂಡು ತಿಕ್ಕಿ ತೊಳೆದು, ಹೊಸ ಗೆರೆ ನೆಟ್ಟಗೆ ಎಳೆದು, ಕುಂಕುಮವಿಟ್ಟು ಕೈ ಮುಗಿದಳು.

"ವಾರವಾರ ಮಾಡ್ತೀನಲೇ," ಎಂದಳು. "ನಿಮ್ಮಪ್ಪ ದೇವ್ರಿಗೆ ಸುಣ್ಣ ಹಚ್ಚಿ ಮರತಾನ. ಯಾರಾರ ನೋಡ್ಕೋಬೇಕಲ್ಲ."

ಕೆಳಗೆ ಗುದ್ದಲಿಯ ಮೊದಲ ಏಟು ಕೇಳಿಸಿತು. ಹೇಳಿದರೆ ತೋಟವಿಲ್ಲ, ಅಕ್ಕನೂ ಇಲ್ಲ. ಆದರೆ ಗುಂಡಿನ ನೇರಕ್ಕೆ ಅಪ್ಪ ನಿಂತಿದ್ದ. ಓಡಿಹೋಗಿ ಹೇಳಿದೆ.

ಅಪ್ಪ ಗುದ್ದಲಿ ಕೆಳಗಿಟ್ಟ. ನನ್ನ ಹಿಂದೆಯೇ ಇಳಿದು ಬಂದ ಅಜ್ಜಿಯನ್ನು ನೋಡಿ ನಕ್ಕ. "ಯವ್ವಾ, ಗುಡ್ಡದ ನಾಡಿ ತೊಳದು ಕುಂಕುಮ ಹಚ್ಚೀದಿ ನೋಡು."

"ಗುಂಡಿಗೆ ಸುಣ್ಣ ಬಳದ್ರ ಯಾರು ಕೈ ಮುಗಿಯಂಗಿಲ್ಲ? ಹೇಳಬೇಕಿತ್ತಿಲ್ಲೋ ನೀನು," ಎಂದಳು ಅಜ್ಜಿ.

ಅಗೆದ ಮಣ್ಣನ್ನು ಅಪ್ಪ ಮತ್ತೆ ಬುಡಕ್ಕೇ ತುಂಬಿ ತುಳಿದ. ಹಳೇ ಡಬ್ಬಿಗಳಲ್ಲಿ ಊರಿದ್ದ ಮಲ್ಲಿಗೆ ಕಡ್ಡಿಗಳು ಒಂದೊಂದಾಗಿ ಒಣಗಿದವು. ಅಕ್ಕ ಆ ವರ್ಷ ಬರಲಿಲ್ಲ. ತೋಟವಿಲ್ಲದ್ದಕ್ಕೇ ಬರಲಿಲ್ಲವೆಂದು ಬಹಳ ಕಾಲ ನಂಬಿದ್ದೆ. ಅವಳನ್ನು ಕೇಳಿದರೆ, ತಾನಾಗ ಬಸುರಿ, ಬಸ್ಸು ಹತ್ತಬೇಡ ಎಂದಿದ್ದರು ಅನ್ನುತ್ತಾಳೆ. ಹೊಟ್ಟೆಯಲ್ಲಿದ್ದವಳು ನಿಮ್ಮ ಅವ್ವ.

ನಿಮ್ಮ ಮನೆಯ ಅಂಗಳವನ್ನು ಜೆಸಿಬಿ ಒಂದು ಬೆಳಗಿನಲ್ಲಿ ಮಟ್ಟ ಮಾಡಿತು. ನಿಮ್ಮ ಅಜ್ಜಿಯ ಮುಖ ನೋಡಬೇಕಾದರೆ ಫೋನು ಒತ್ತುತ್ತೀರಿ. ಗುಂಡು ಬಿತ್ತಾ ಎಂದು ಕೇಳುತ್ತೀರಿ. ಇಲ್ಲ, ಇನ್ನೂ ಅಲ್ಲೇ ಇದೆ. ಹಾಗಾದರೆ ಮುರಿದ ಗೆರೆಯನ್ನು ನಾನು ನಿಜವಾಗಿ ಕಂಡೆನೆ? ಕಂಡವನು ನಾನೊಬ್ಬನೇ. ಇದ್ದ ಗುರುತನ್ನು ನನ್ನ ಅಜ್ಜಿ ತೊಳೆದಿದ್ದಳು.

ಊರಿಗೆ ಹೋದಾಗ ಈಗಲೂ ಆ ಗುಡ್ಡ ಹತ್ತುತ್ತೇನೆ. ಅಕ್ಕನಿಗೆ ಹೇಳಬೇಕಾದದ್ದನ್ನು ಮೊದಲು ಆ ಕಲ್ಲಿಗೆ ಹೇಳುತ್ತೇನೆ. ಆಮೇಲೆ ಫೋನು ಮಾಡುತ್ತೇನೆ.