ನಾಲ್ಕನೆಯ ಏಟು

ಕಾಲು ಮುರಿದುಕೊಂಡು ಮನೆಯಲ್ಲಿ ಕೂತ ಆರು ವಾರಗಳಲ್ಲಿ ನಾನು ನೂರಾರು ಜನರನ್ನು ಕೊಂದೆ. ಹರಿಹರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು, ದಾವಣಗೆರೆಯ ಕಾಳುಕಡಿ ವ್ಯಾಪಾರದ ಮನೆಯ ಸೊಸೆ, ಜಿರಲೆ ಕಂಡರೂ ಕೊಲ್ಲದೆ ಪೊರಕೆಯಿಂದ ಹೊರಗೆ ತಳ್ಳುವವಳು ನಾನು. ನನ್ನ ಗಂಡ ಅಂಗಡಿಗೆ ಹೊರಡುವ ಮುನ್ನ ತಮ್ಮ ಗೇಮ್ ಕನ್ಸೋಲನ್ನು ಮಂಚದ ಎದುರಿನ ಟೀವಿಗೆ ಹಚ್ಚಿಕೊಟ್ಟು, "ಹೊತ್ತು ಹೋಗ್ತೈತೆ, ಆಡು" ಅಂದಿದ್ದರು. ಎಲ್ಲರೂ ಆಡುವ, ಹೆಸರಾದ ಶೂಟಿಂಗ್ ಆಟ. ಮೊದಲ ದಿನ ಒಬ್ಬ ಕಾವಲುಗಾರನ ಬೆನ್ನಿಗೆ ಗುಂಡು ಹೊಡೆದೆ. ಅವನು ಮಕಾಡೆ ಬಿದ್ದಾಗ ಆಟ ನಿಲ್ಲಿಸಿಬಿಟ್ಟೆ. ಎರಡನೇ ವಾರದ ಹೊತ್ತಿಗೆ ಬಿದ್ದವರನ್ನು ತುಳಿದುಕೊಂಡೇ ಮುಂದೆ ಹೋಗುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಕೆಲಸಕ್ಕೆ ಮರಳುವಷ್ಟರಲ್ಲಿ ಆ ಆಟ ಮುಗಿದಿತ್ತು. ಆಗ ಗಂಡ ಅದರ ಮುಂದಿನ ಕಂತನ್ನು ಹಾಕಿಕೊಟ್ಟರು. ಚಿಕ್ಕದು, ಮೂರೇ ಭಾಗದ್ದು. ಇದರಲ್ಲಿ ನಮ್ಮ ಬಂದೂಕು ಕಸಿದುಕೊಂಡು ಪಾಳುಬಿದ್ದ ರೈಲು ಡಿಪೋದೊಳಗೆ ಬಿಟ್ಟಿರುತ್ತಾರೆ. ಕೈಯಲ್ಲಿ ಕಬ್ಬಿಣದ ಸರಳೊಂದೇ. ಗುಂಡಾದರೆ ದೂರದಿಂದ ಹೊಡೆಯಬಹುದು. ಸರಳು ಹಿಡಿದರೆ ಎದುರಿನವನ ಏದುಸಿರು ಕೇಳುವಷ್ಟು ಹತ್ತಿರ ಹೋಗಬೇಕು. ಮೊಣಕಾಲಿಗೆ ಬಿದ್ದರೆ ಒಣ ಕಟ್ಟಿಗೆ ಮುರಿದ ಸದ್ದು. ತಲೆಗೆ ಬಿದ್ದರೆ ಬೇರೆ. ದಿನಾ ಶಾಲೆಯಿಂದ ಬಂದು, ಚಹಾ ಕುಡಿದು, ಅರ್ಧ ತಾಸು ಆ ಸದ್ದಿನಲ್ಲಿ ಕೂರುತ್ತಿದ್ದೆ. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, "ಏನವ್ವಾ ಅದು, ಒಳಗ ಯಾರನ್ನೋ ಹಾಕಿ ಕುಟ್ಟಿದಂಗೆ ಕೇಳ್ತೈತೆ" ಎನ್ನುತ್ತಿದ್ದರು.

ಎರಡನೇ ಭಾಗದ ಕೊನೆಗೆ ಕಬ್ಬಿಣದ ಮುಖವಾಡ ಹಾಕಿದ ದೈತ್ಯನೊಬ್ಬ ಮೆಟ್ಟಿಲು ಕಾಯುತ್ತಾನೆ. ನಾಲ್ಕು ದಿನ ಅವನು ನನ್ನ ತಲೆಯನ್ನು ಗೋಡೆಗೆ ಅಪ್ಪಳಿಸಿ ಕೊಂದ. ಪ್ರತಿ ಸಲವೂ ಪರದೆ ಕೆಂಪಾಗುತ್ತಿತ್ತು. ಹಿಂದೆ ನಿಂತು ನೋಡಿದ ಗಂಡ ಅಂದರು, "ಒಂದೇಟು ಹಾಕಿ ಹಿಂದಕ್ಕೆ ಸರೀತೀಯಲ್ಲ, ಅದಕ್ಕೇ ಸಾಯ್ತೀಯ. ಸರೀಬ್ಯಾಡ. ಬೀಳೋತನಕ ಹೊಡಿ."

ಮರುದಿನ ಬೆಳಿಗ್ಗೆ ಹರಿಹರದ ಬಸ್ಸು ಕಿಕ್ಕಿರಿದಿತ್ತು. ಕಂಬಿ ಹಿಡಿದು ನಿಂತಿದ್ದೆ. ಊರು ದಾಟಿದ ಮೇಲೆ ಹಿಂದಿನಿಂದ ಒಂದು ಕೈ ಸೊಂಟಕ್ಕೆ ಬಂತು. ತಿರುಗಿದೆ. ಐವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಊಟದ ಚೀಲ.

"ಕೈ ತೆಗೀರಿ" ಅಂದೆ.

"ರಶ್ ಐತ್ರಿ, ಏನ್ ಮಾಡ್ಲಿ?" ಎಂದು ಕಿಟಕಿಯತ್ತ ನೋಡಿದ. ಕೈ ತೆಗೆಯಲಿಲ್ಲ, ಇನ್ನಷ್ಟು ಕೆಳಗಿಳಿಸಿದ.

ನನ್ನ ಬಲಗೈಯಲ್ಲಿ ನೀರು ತುಂಬಿದ ಸ್ಟೀಲ್ ಬಾಟಲಿ ಇತ್ತು. ಮೊದಲ ಏಟು ಹುಬ್ಬಿನ ಮೇಲೆ ಬಿತ್ತು. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಮುಖ ಮುಚ್ಚಿಕೊಳ್ಳುವ ಮೊದಲೇ ಎರಡನೆಯದು ಬಾಯಿಗೆ, ಒಳಗೇನೋ ಚಟಕ್ಕೆಂದಿತು. ಜನ ಚೀರುತ್ತ ಸರಿದರು. ಅಷ್ಟೊತ್ತು ಇಲ್ಲದ ಜಾಗ ಒಮ್ಮೆಲೇ ಆಯಿತು. ಮೂರನೆಯದು ಅಡ್ಡ ಹಿಡಿದ ಮೊಣಕೈಗೆ. ಅವನು ಸೀಟುಗಳ ನಡುವೆ ಕುಸಿದು ಕೂತು, ಕೈ ಜೋಡಿಸಿ, "ಬ್ಯಾಡ್ರಿ, ತಪ್ಪಾತ್ರಿ" ಅಂದ. ನನಗದು ಚೆನ್ನಾಗಿ ಕೇಳಿಸಿತು. ಕೇಳಿಸಿಕೊಂಡೇ ನಾಲ್ಕನೆಯದನ್ನು ನೆತ್ತಿಗೆ ಹಾಕಿದೆ.

ಮತ್ತೆ ಎತ್ತಿದ ಕೈಯನ್ನು ಕಂಡಕ್ಟರ್ ಹಿಡಿದುಕೊಂಡ. "ಸಾಕ್ ಬಿಡ್ರಿ ಅಕ್ಕಾ, ಸತ್ತುಗಿತ್ತು ಹೋದಾನು!"

ಬಸ್ಸನ್ನು ನೇರ ಠಾಣೆಗೆ ತಂದರು. ಅವನನ್ನು ಹೊಲಿಗೆ ಹಾಕಿಸಲು ಕರೆದೊಯ್ದರು. ನನ್ನ ಸೀರೆಯ ಮೇಲೆ, ರವಿಕೆಯ ತೋಳಿನ ಮೇಲೆ ಅವನ ರಕ್ತ ಕರೆಗಟ್ಟುತ್ತಿತ್ತು. ಮಹಿಳಾ ಪೇದೆಯೊಬ್ಬರು ಎದುರು ಕೂತು, "ಎಷ್ಟ್ ಸಲ ಹೊಡೆದ್ರಿ ಮೇಡಂ? ಒಂದೋ, ಎರಡೋ?" ಅಂದರು.

"ನಾಲ್ಕು. ನಾಲ್ಕನೇದು ಅವನು ಕೈಮುಗಿದ ಮೇಲೆ."

ಅವರು ನನ್ನ ಮುಖ ನೋಡಿ, ಹಾಗೆಯೇ ಬರೆದುಕೊಂಡರು.

ಸ್ವಲ್ಪ ಹೊತ್ತಿಗೆ ಅವನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಂದ. ಮುಂದಿನ ಹಲ್ಲೊಂದು ಹೋಗಿತ್ತು. ತಪ್ಪೊಪ್ಪಿಗೆ ಬರೆದು ಸಹಿ ಹಾಕಿದ. ನಾನು ದೂರು ಮುಂದುವರಿಸಲಿಲ್ಲ. ಅವನ ಮೇಲಿನ ಕರುಣೆಯಿಂದಲ್ಲ. ಆ ನಾಲ್ಕನೆಯ ಏಟಿನ ಮುಜುಗರಕ್ಕೆ.

ಠಾಣೆಯಿಂದ ಫೋನ್ ಮಾಡಿ ತಿಳಿಸಿದ್ದೆ; ನಾನು ಮನೆಗೆ ಬರುವಷ್ಟರಲ್ಲಿ ಗಂಡ ಅಂಗಡಿಯವರಿಗೆಲ್ಲ ಹೇಳಿಯಾಗಿತ್ತು. "ಟ್ರೇನಿಂಗ್ ಕೊಟ್ಟಿದ್ದು ಯಾರು ಮತ್ತ?" ಎಂದು ನಗುತ್ತಿದ್ದರು.

"ನೀವಲ್ಲ" ಅಂದೆ. ನನ್ನ ದನಿ ಕೇಳಿ ಅವರ ನಗು ನಿಂತಿತು. ಹದಿನಾರು ವರ್ಷದವಳಿದ್ದಾಗ, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಇಂಥದೇ ಒಂದು ಕೈ ಬಂದಿತ್ತು. ಚೀರಲಾಗದೆ ನಡುದಾರಿಯಲ್ಲಿ ಇಳಿದು, ಬಿಸಿಲಲ್ಲಿ ಅಳುತ್ತ ನಡೆದಿದ್ದೆ. ಅದನ್ನು ಈಗ ಮೊದಲ ಬಾರಿಗೆ ಗಂಡನಿಗೆ ಬಾಯಿಬಿಟ್ಟು ಹೇಳಿದೆ. ಅಂದಿನಿಂದ ಮನಸ್ಸಿನಲ್ಲೇ ಆ ಕೈಯನ್ನು ಎಷ್ಟು ಸಲ ಜಜ್ಜಿದ್ದೇನೆಂದೂ ಹೇಳಿದೆ.

ಅತ್ತೆ ನನ್ನ ಸೀರೆಯನ್ನು ಉಪ್ಪು ಹಾಕಿದ ತಣ್ಣೀರಲ್ಲಿ ನೆನೆಸಿದರು. "ನಮ್ ಕಾಲಕ್ಕ ಪಿನ್ನು ಇಟ್ಕೊಂಡಿರ್ತಿದ್ವಿ. ಚುಚ್ಚಿದ್ರೆ ಕೈ ಹಿಂದಕ್ಕೆ ಹೋಗೋದು" ಅಂದರು.

"ಅಷ್ಟಕ್ಕೇ ಸಮಾಧಾನ ಆಗ್ತಿತ್ತೇನ್ರಿ?"

ಅವರು ಸೀರೆ ಹಿಂಡುತ್ತ, "ಎಲ್ಲೀ ಸಮಾಧಾನವ್ವಾ" ಅಂದರು.

ಭಾನುವಾರ ಮತ್ತೆ ಆಟಕ್ಕೆ ಕೂತೆ. ಸರಿಯದೆ ಹೊಡೆದೆ. ಮುಖವಾಡ ಸೀಳಿತು, ದೈತ್ಯ ಮಂಡಿಯೂರಿದ. ನಾನು ಕೈ ತಡೆದೆ. ಎರಡು ಕ್ಷಣ ಅಷ್ಟೇ. ಅವನು ಎದ್ದು ನನ್ನ ತಲೆಯನ್ನು ಗೋಡೆಗೆ ಅಪ್ಪಳಿಸಿದ.

ಎರಡನೇ ಸಲ ಕಾಯಲಿಲ್ಲ. ಮೂರನೇ ಭಾಗ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಸೋಮವಾರ ಅದೇ ಬಸ್ಸು ಹತ್ತಿದೆ. ಬಾಟಲಿ ಬೀಸಿದ ಬಲ ಮಣಿಕಟ್ಟು ಇನ್ನೂ ನೋಯುತ್ತಿತ್ತು. ಎಡಗೈಯಿಂದ ಕಂಬಿ ಹಿಡಿದು ನಿಂತೆ.