ಸುಧಾರಿಸುವ ಲಕ್ಷಣ ಕಾಣುವುದಿಲ್ಲ

ಪೊಲೀಸಿನವನಿಗೆ ಮದುವೆ ಮನೆಯಲ್ಲಿ ಮುಂದಿನ ಸಾಲಿನಲ್ಲೇ ಕುರ್ಚಿ. ಪಕ್ಕದ ಕುರ್ಚಿ ಮಾತ್ರ ಊಟಕ್ಕೆ ಏಳುವ ತನಕ ಖಾಲಿ. ಯಾರಾದರೂ ಧೈರ್ಯ ಮಾಡಿ ಬಂದು ಕೂತರೆ ಹೆಲ್ಮೆಟ್ಟಿನ ಮಾತು, ಇಲ್ಲವೇ "ಸಾಹೇಬ್ರೆ, ನಮ್ಮ ಪಕ್ಕದ ಮನೆಯೋನು ನಾಯಿ ಕಟ್ಟಂಗಿಲ್ಲ, ಅದಕ್ಕೊಂದು ಸೆಕ್ಷನ್ ಐತೇನ್ರಿ?" ನಾನಿರುವ ಶಾಮನೂರಿನ ಹೊಸ ಬಡಾವಣೆಯಲ್ಲಂತೂ ಮನೆಗೊಂದು ನಾಯಿ, ನಾಯಿಗೊಂದು ತಕರಾರು. ಠಾಣೆಯಲ್ಲಿ ಎಂಟು ಗಂಟೆ ಕೇಳಿದ್ದನ್ನೇ ಮನೆಗೆ ಬಂದು ಗೇಟಿನಲ್ಲಿ ನಿಂತು ಮತ್ತೆ ಕೇಳಬೇಕು. ಒಂದೊಂದು ಸಲ ಸಿಟ್ಟು ನೆತ್ತಿಗೇರುತ್ತದೆ.

ಇನ್ನೊಂದು ವಿಚಾರಣೆ ಮಾತ್ರ ಪಿಸುಮಾತಿನಲ್ಲಿ ನಡೆಯುತ್ತದೆ. ಹೆಣ್ಣು ಕೊಡುವವರೋ ತರುವವರೋ ಗುಟ್ಟಾಗಿ ಬಂದು, "ಆ ಮನೆತನ ಹೆಂಗೆ, ನಿಮ್ಮ ಕಡಿಂದ ಸ್ವಲ್ಪ ನೋಡ್ರಿ" ಅನ್ನುತ್ತಾರೆ. ನಮ್ಮ ಕಪಾಟಿನಲ್ಲಿ ಊರಿನ ಎಲ್ಲ ಮನೆತನಗಳ ಗುಣ ಬರೆದಿಟ್ಟಿದ್ದೇವೆ ಎಂಬ ನಂಬಿಕೆ. ಅಯ್ಯೋ, ನಾವು ಬರೆದಿಡುವುದು ಕೆಟ್ಟದ್ದನ್ನು ಮಾತ್ರ. ಒಳ್ಳೆಯದನ್ನು ಬರೆಯಲು ನಮ್ಮ ಇಲಾಖೆಯಲ್ಲಿ ಯಾರೂ ಇನ್ನೂ ಒಂದು ರಿಜಿಸ್ಟರ್ ಮಾಡಿಲ್ಲ.

ನಾನು ಹೇಳಬೇಕೆಂದಿರುವುದು ವಿನೋಬನಗರದ ಒಬ್ಬ ಮನುಷ್ಯನ ವಿಷಯ. ಅವನು ಕಿಟಕಿಗೆ ಗ್ರಿಲ್, ಮನೆಗೆ ಗೇಟು ಮಾಡುವವನು. ಮನೆಯ ಮುಂದೆ ತಗಡಿನ ಶೆಡ್ಡು, ಅದರಲ್ಲಿ ವೆಲ್ಡಿಂಗ್ ಕೆಲಸ. ಕಳ್ಳರು ಬರಬಾರದು ಎಂದು ಅರ್ಧ ದಾವಣಗೆರೆಯ ಕಿಟಕಿಗಳಿಗೆ ಕಬ್ಬಿಣ ಹಾಕಿದ ಈ ಮನುಷ್ಯನ ಹೆಸರು ನಮ್ಮ ಠಾಣೆಯ ರೌಡಿ ಪಟ್ಟಿಯಲ್ಲಿತ್ತು. ನನ್ನ ಮನೆಯ ಗೇಟು, ಗ್ರಿಲ್ಲುಗಳೂ ಅವನ ಕೈಯವೇ.

ನಾನು ಹೆಡ್ ಕಾನ್‌ಸ್ಟೇಬಲ್ ಆಗಿ ಆ ಬೀಟಿಗೆ ಬಂದಾಗ ಅವನ ಮನೆ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿರುವವರ ಮನೆಗೆ ವಾರಕ್ಕೊಮ್ಮೆ ಹೋಗಬೇಕು, ಆಸಾಮಿ ಊರಲ್ಲಿದ್ದಾನೆಯೇ, ಏನು ಮಾಡುತ್ತಿದ್ದಾನೆ ಎಂದು ನೋಡಬೇಕು, ಪುಸ್ತಕದಲ್ಲಿ ಬರೆದು ಅವನ ಸಹಿ ಹಾಕಿಸಿಕೊಳ್ಳಬೇಕು. ಈಗಿನ ಹುಡುಗರಿಗೆ ಮೊಬೈಲಿನಲ್ಲಿ ಫೋಟೊ ಹೊಡೆದರೆ ಬೀಟು ಮುಗಿಯಿತು. ನಮ್ಮದು ಪುಸ್ತಕ, ಪೆನ್ನು, ಕಾಲ್ನಡಿಗೆ. ಮೊದಲನೆಯ ಭಾನುವಾರ ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ಕೈಮುಗಿದು, "ಅಣ್ಣಾರೆ, ಹೊರಗೆ ನಿಂದ್ರಬ್ಯಾಡ್ರಿ, ಒಳಗೆ ಬಂದು ಕೂಡ್ರಿ" ಎಂದಳು. ಮರ್ಯಾದೆಗೆ ಕರೆಯುತ್ತಿದ್ದಾಳೆ ಎಂದುಕೊಂಡೆ. ಕುರ್ಚಿ ಹಾಕಿದ್ದು ಓಣಿಗೆ ಕಾಣದ ಮೂಲೆಯಲ್ಲಿ. ಆಗ ಅರ್ಥವಾಯಿತು.

ಆ ದಿನ ನನ್ನ ಪೆನ್ನು ಕೈಕೊಟ್ಟಿತು. ಕೊಡವಿದೆ, ಉಜ್ಜಿದೆ, ಊಹೂಂ. ಎಂಟನೇ ಕ್ಲಾಸಿನ ಅವರ ಮಗಳು ತನ್ನ ಕಂಪಾಸ್ ಡಬ್ಬಿಯಿಂದ ಒಂದು ಪೆನ್ನು ತಂದುಕೊಟ್ಟಳು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಪೆನ್ನು ತರುವುದು ಅವಳ ಕೆಲಸ. ಅಪ್ಪ ಸಹಿ ಹಾಕುವುದನ್ನು ಬಗ್ಗಿ ನೋಡಿ, "ಇವತ್ತು ಅಪ್ಪಾಜಿ ಪಾಸಾ ಮಾಮ?" ಎಂದು ಕೇಳುವಳು. ವೆಲ್ಡಿಂಗಿಗೆ ಬಳಸುವ ಗ್ಯಾಸ್ ಸಿಲಿಂಡರನ್ನು ಪೊಲೀಸರು ವಾರ ವಾರ ಚೆಕ್ ಮಾಡುತ್ತಾರೆ ಎಂದು ಅವಳಿಗೆ ಹೇಳಿದ್ದರು. ಓಣಿಗೂ ಅದನ್ನೇ ಹೇಳಿದ್ದರು. ನಾನೂ ಸುಮ್ಮನೆ ಸಿಲಿಂಡರಿನ ಕಡೆ ಒಮ್ಮೆ ನೋಡಿ, "ಪಾಸು" ಅನ್ನುತ್ತಿದ್ದೆ. ಆರು ವರ್ಷ ಹೀಗೆ ನಡೆಯಿತು.

ಆ ಬೀಟು ಸಿಕ್ಕ ವಾರವೇ ಠಾಣೆಯಲ್ಲಿ ಅವನ ಕಡತ ತೆಗೆದು ನೋಡಿದ್ದೆ. ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ. ಅದು ನನ್ನ ಅಕ್ಷರ.

ನೌಕರಿಗೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ ಆಗ. ಅಕ್ಷರ ದುಂಡಗಿದೆ ಎಂದು ನನ್ನನ್ನು ಹಳೆಯ ಊರಿನ ಠಾಣೆಯ ರೈಟರ್ ಪಕ್ಕದಲ್ಲಿ ಕೂರಿಸಿದ್ದರು. ಅಲ್ಲಿನ ಓಣಿಯೊಂದರಲ್ಲಿ ಗಣಪತಿ ಬಿಡುವ ಮೆರವಣಿಗೆಯಲ್ಲಿ ಜಗಳವಾಗಿ, ಇಪ್ಪತ್ತೆರಡರ ಹುಡುಗನೊಬ್ಬ ಸೋಡಾ ಬಾಟಲಿಯಿಂದ ಇನ್ನೊಬ್ಬನ ತಲೆ ಒಡೆದಿದ್ದ. ಒಡೆದದ್ದು ನಿಜ. ಏಳು ಹೊಲಿಗೆ ಬಿದ್ದಿದ್ದವು. ಹಿಂದಿನ ವರ್ಷವೂ ಒಂದು ಹೊಡೆದಾಟದಲ್ಲಿ ಅವನ ಹೆಸರಿತ್ತು. ಆ ಸಲ ಸಾಹೇಬರು ಗರಂ ಆಗಿದ್ದರು, ಒಂದೇ ಮಧ್ಯಾಹ್ನ ಒಂಬತ್ತು ಜನರಿಗೆ ರೌಡಿ ಹಾಳೆ ತೆರೆಯಲು ಹೇಳಿದರು. ಹಾಳೆಯ ಕೊನೆಯಲ್ಲಿ ನಡತೆಯ ಬಗ್ಗೆ ಅಭಿಪ್ರಾಯ ಬರೆಯುವ ಜಾಗವಿತ್ತು. ಏನು ಬರೆಯಲಿ ಎಂದು ರೈಟರನ್ನು ಕೇಳಿದೆ. ಆತ ಎಲೆ ಅಡಿಕೆ ಜಗಿಯುತ್ತಾ, "ಹಿಂದಿನ ಹಾಳೆ ನೋಡ್ಕಂಡು ಬರಿಯಪ್ಪ, ಅದೇನು ಕಾವ್ಯ ಏನು?" ಎಂದ. ಹಿಂದಿನ ಹಾಳೆ ಯಾರೋ ನಲವತ್ತು ದಾಟಿದ, ಮೂರು ಸಲ ಜೈಲಿಗೆ ಹೋಗಿಬಂದವನದು. ಅದರಲ್ಲಿ ಹೀಗಿತ್ತು: ಸುಧಾರಿಸುವ ಲಕ್ಷಣ ಕಾಣುವುದಿಲ್ಲ. ಒಂಬತ್ತು ಹಾಳೆಗೂ ಅದನ್ನೇ ದುಂಡಗೆ ಬರೆದೆ. ಹುಡುಗನನ್ನು ಹಿಡಿದು ತಂದು ಆಗ ನಾಲ್ಕು ದಿನವಾಗಿತ್ತು. ನಾಲ್ಕು ದಿನದಲ್ಲಿ ಸುಧಾರಿಸುವ ಲಕ್ಷಣ ಯಾರಲ್ಲಿ ತಾನೇ ಕಂಡೀತು!

ಆ ಕೇಸು ಮುಂದೆ ರಾಜಿಯಾಯಿತು. ತಲೆ ಒಡೆಸಿಕೊಂಡವನ ಮನೆಗೇ ಇವನು ಗ್ರಿಲ್ ಮಾಡಿಕೊಟ್ಟ. ಮದುವೆಯಾಗಿ ವಿನೋಬನಗರಕ್ಕೆ ಬಂದ, ಹಾಳೆಯೂ ಹಿಂದೆಯೇ ಬಂತು. ಪ್ರತಿ ವರ್ಷ ಯಾರೋ ಒಬ್ಬರು ಅದನ್ನು ಪರಿಶೀಲಿಸಿದ್ದರು. ಪರಿಶೀಲನೆ ಎಂದರೆ ಹಿಂದಿನ ವರ್ಷದ ಸಾಲನ್ನು ಈ ವರ್ಷದ ಕೆಳಗೆ ಇಳಿಸುವುದು. ಶಾಯಿ ಬೇರೆ, ಅಕ್ಷರ ಬೇರೆ, ಸಾಲು ಒಂದೇ. ನಾನೂ ಆರು ವರ್ಷ ಅವನ ಮನೆಯ ಚಾ ಕುಡಿದೆ. ಹಾಳೆ ಮುಚ್ಚಬೇಕೆಂದು ಒಂದು ದಿನವೂ ಬರೆಯಲಿಲ್ಲ. ಯಾಕೆಂದರೆ, ಹಾಳೆ ತೆರೆದವನನ್ನು ಇಲಾಖೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಮುಚ್ಚಲು ಬರೆದವನನ್ನು ಮಾತ್ರ, "ನಾಳೆ ಇವನು ಏನಾರ ಮಾಡಿದ್ರೆ ನೀನು ಜವಾಬ್ದಾರನಾ?" ಎಂದು ಕೇಳುತ್ತಾರೆ. ನನಗೆ ಆ ಪ್ರಶ್ನೆ ಬೇಕಿರಲಿಲ್ಲ. ಹೇಡಿತನ ಎಂದರೆ ಹೇಡಿತನವೇ, ಅದಕ್ಕೆ ಬೇರೆ ಹೆಸರು ಯಾಕೆ?

ಆಮೇಲೆ ಎಎಸ್ಐ ಆಗಿ ಹರಿಹರಕ್ಕೆ ವರ್ಗವಾದೆ. ಹತ್ತಿರದ ಊರು, ಮನೆ ಬದಲಿಸಲಿಲ್ಲ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿಗೆ ಹೋಗಿ ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ರೈಲ್ವೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಠಾಣೆಗೆ ಬಂದರು. ದೇವಸ್ಥಾನದ ಹಿಂದಿನ ಬೀದಿಯವರು, ಆಗಾಗ ಮಾತಾಡಿಸುತ್ತಿದ್ದವರು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಾಗಲೇ ಇದು ಹೆಣ್ಣು ಗಂಡಿನ ವಿಚಾರ ಎಂದು ತಿಳಿಯಿತು.

"ನಮ್ಮಕ್ಕನ ಮಗನಿಗೆ ಒಂದು ಹುಡುಗಿ ನೋಡೀವ್ರಿ, ವಿನೋಬನಗರದಾಕಿ. ಡಿ.ಎಡ್. ಮಾಡ್ಯಾಳೆ, ಸಾಲಿಯಾಗೆ ಪಾಠ ಮಾಡ್ತಾಳೆ. ಬಂಗಾರದಂಥ ಹುಡುಗಿ, ನಮ್ಮ ಹುಡುಗಂಗೂ ಮನಸ್ಸು ಬಂದೈತೆ. ಅವರಪ್ಪ ಗ್ರಿಲ್ ಮಾಡ್ತಾರೆ. ನೀವು ಆ ಕಡೆ ಇದ್ದೋರು ಅಂತ ಕೇಳಿದೆ."

ನನಗೆ ಖುಷಿಯೇ ಆಯಿತು. "ಚಲೋ ಮನೆತನ, ಕಣ್ಣು ಮುಚ್ಚಿ ಮಾಡ್ಕಳ್ರಿ" ಎಂದೆ.

"ಅದು ಸರಿ. ಆದ್ರೆ ಅವರ ಮನೆಗೆ ವಾರಕ್ಕೊಮ್ಮೆ ಪೊಲೀಸ್ರು ಬರ್ತಾರೆ ಅಂತ ಅಂದ್ರು. ಯಾಕ್ರಿ ಅದು?"

ಸಿಲಿಂಡರ್ ಎನ್ನಬಹುದಿತ್ತು. ಆರು ವರ್ಷ ಓಣಿಗೆಲ್ಲ ನಾನೇ ನಟಿಸಿದ ಸುಳ್ಳು. ಆದರೆ ಖಾಕಿ ಹಾಕಿಕೊಂಡು, ನನ್ನನ್ನು ನಂಬಿ ಬಂದ ಹಿರಿಯರ ಎದುರು ಬಾಯಿ ಬರಲಿಲ್ಲ. ಹರೆಯದಲ್ಲಿ ಒಂದು ಹೊಡೆದಾಟವಾಗಿತ್ತು, ಅದರ ಕಾಗದ ಇನ್ನೂ ಉಳಿದಿದೆ, ಮನುಷ್ಯ ಮಾತ್ರ ಅಪ್ಪಟ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

"ಸಾಹೇಬ್ರೆ, ನಿಮಗೂ ಮದುವಿಗೆ ಬಂದ ಮಗ ಅದಾನೆ. ಆ ಹುಡುಗೀನ ನಿಮ್ಮನಿಗೆ ತರ್ತಿದ್ರಾ?"

ನನ್ನ ಕಣ್ಣ ಮುಂದೆ ಏನೇನೋ ಬಂತು. ನನ್ನ ಹೆಂಡತಿ, ಬೀಗರ ಸಾಲು, "ಪೊಲೀಸಿನೋನ ಮನೆಗೆ ರೌಡಿ ಮನೆ ಹೆಣ್ಣಂತೆ" ಎನ್ನುವ ನಮ್ಮ ಠಾಣೆಯವರ ನಗು. ಆಮೇಲೆ ಪೆನ್ನು ಹಿಡಿದು ನಿಂತ ಆ ಮಗು. "ತರ್ತಿದ್ದೆ" ಎಂದೆ.

ತಡವಾಗಿತ್ತು. ಹೊಸ ಹುಡುಗರಿಗೆ ವಿಚಾರಣೆ ಕಲಿಸುವಾಗ ನಾನೇ ಹೇಳಿಕೊಡುತ್ತೇನೆ: ಉತ್ತರ ಕೇಳಬೇಡ, ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ನೋಡು ಎಂದು. ಆ ಹಿರಿಯರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಆತು ಬಿಡ್ರಿ ಸಾಹೇಬ್ರೆ, ತಿಳೀತು" ಎಂದು ಎದ್ದು ಹೋದರು.

ಹದಿನೈದು ದಿನದ ನಂತರ ನಮ್ಮ ಮನೆಯ ಗೇಟಿನ ತಿರುಗಣಿ ಸರಿ ಮಾಡಲು ಅವನು ಶಾಮನೂರಿಗೆ ಬಂದ. ಕೆಲಸ ಮಾಡುತ್ತಲೇ, "ಮಗಳಿಗೆ ಹರಿಹರದಾಗೊಂದು ಸಂಬಂಧ ಬಂದಿತ್ತು ಸಾರ್. ಎಲ್ಲ ಒಪ್ಪಿಗಿ ಆಗಿತ್ತು. ಈಗ ಜಾತಕ ಕೂಡಿಬರಂಗಿಲ್ಲ ಅಂತ ಹೇಳಿ ಕಳಿಸ್ಯಾರೆ" ಎಂದ. ತಿರುಗಣಿಗೆ ಎಣ್ಣೆ ಬಿಡುತ್ತಾ, "ಹುಡುಗಿ ಎರಡು ದಿನ ಸರಿಯಾಗಿ ಉಣ್ಲಿಲ್ಲ" ಎಂದ. ನಾನು ಗೇಟು ಹಿಡಿದುಕೊಂಡು ನಿಂತಿದ್ದೆ.

ಮಾರನೆಯ ದಿನ ರಜೆ ಹಾಕಿ ವಿನೋಬನಗರ ಬೀಟಿನ ನನ್ನ ಹಳೆಯ ಠಾಣೆಗೆ ಹೋದೆ. ಅಲ್ಲಿ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಮೇಡಂ, ನನ್ನ ಮಗಳ ವಯಸ್ಸಿನವರು. ಕಡತ ತೆರೆದು ಪ್ರತಿ ವರ್ಷದ ಆ ಸಾಲನ್ನು ಬೆರಳಿಟ್ಟು ಓದಿದರು. "ಇಷ್ಟು ವರ್ಷ ಒಬ್ರಿಗೂ ಲಕ್ಷಣ ಕಾಣ್ಲಿಲ್ವಾ?" ಎಂದರು.

"ನೋಡಿದ್ರೆ ತಾನೆ ಮೇಡಂ ಕಾಣೋದು. ಮೊದಲು ಬರೆದೋನು ನಾನೇ, ನಾನೂ ನೋಡಿರಲಿಲ್ಲ."

"ಮುಚ್ಚೋಕೆ ಮೇಲಕ್ಕೆ ಬರೀತೀನಿ. ನಿಮ್ಮ ಹೇಳಿಕೆ ಬೇಕು, ನಿಮ್ಮ ಸಹಿ ಸಮೇತ. ನಾಳೆ ಏನಾದ್ರೂ ಆದ್ರೆ ನಿಮ್ಮ ಹೆಸರೇ ಮೊದಲು ಬರುತ್ತೆ. ನಿವೃತ್ತಿ ಹತ್ತಿರ ಇದೆ ನಿಮಗೆ."

ಅಲ್ಲೇ ಕೂತು ಎರಡು ಪುಟ ಬರೆದೆ. ಈ ಸಲ ಯಾವ ಹಾಳೆಯನ್ನೂ ನೋಡಿಕೊಂಡು ಬರೆಯಲಿಲ್ಲ. ಅವನ ಶೆಡ್ಡು, ಅವನ ಕೆಲಸ, ಆರು ವರ್ಷದಲ್ಲಿ ಒಂದು ಭಾನುವಾರವೂ ನನ್ನನ್ನು ಕಾಯಿಸದೆ ಇದ್ದದ್ದು, ಎಲ್ಲವನ್ನೂ ಬರೆದೆ. ಕಡತ ಮೇಲಿನ ಕಚೇರಿಗಳಲ್ಲಿ ನಾಲ್ಕು ತಿಂಗಳು ಓಡಾಡಿತು. ಎರಡು ಸಲ ವಾಪಸ್ ಬಂತು. ನಾನು ಹೋಗಿ ಕಂಡಕಂಡವರಿಗೆ ಸೆಲ್ಯೂಟ್ ಹೊಡೆದು ಬಂದೆ. ಕೊನೆಗೆ ಆದೇಶವಾಯಿತು.

ಅದರ ಪ್ರತಿ ಹಿಡಿದುಕೊಂಡು ಮೊದಲು ಹರಿಹರದ ಹಿರಿಯರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಚಲೋ ಆತು ನೋಡ್ರಿ" ಎಂದರು. ಆಮೇಲೆ ಒಳಗಿನಿಂದ ಲಗ್ನಪತ್ರಿಕೆ ತಂದು ಕೈಗಿಟ್ಟರು. ಹುಡುಗನಿಗೆ ಬೇರೆ ಕಡೆ ಗೊತ್ತಾಗಿತ್ತು, ಮದುವೆ ಮುಂದಿನ ವಾರ. ನನಗೂ ಕರೆ ಇತ್ತು.

ಭಾನುವಾರ ವಿನೋಬನಗರಕ್ಕೆ ಹೋದೆ. ಅವನು ಶೆಡ್ಡಿನಲ್ಲಿ ಯಾರದೋ ಕಿಟಕಿಗೆ ಸರಳು ಕೂರಿಸುತ್ತಿದ್ದ. ಆದೇಶ ಕೊಟ್ಟೆ. ಕೈ ಒರೆಸಿಕೊಂಡು ಓದಿದ, ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ನನಗೆ ತಡೆಯಲಾಗಲಿಲ್ಲ. ಹರಿಹರದವರು ಕೇಳಿದ್ದು, ನಾನು ತಡವರಿಸಿದ್ದು, ಜಾತಕದ ಮಾತು ಸುಳ್ಳು ಎಂಬುದು, ಎಲ್ಲ ಹೇಳಿಬಿಟ್ಟೆ. "ಆ ಹಾಳೆ ಮೊದಲು ಬರೆದೋನೂ ನಾನೇ ಕಣಪ್ಪ. ನಿಂಗೆ ಗೊತ್ತಿಲ್ಲ" ಎಂದೆ.

"ಗೊತ್ತಿತ್ತು ಸಾರ್."

"ಹೆಂಗೆ?" ಎಂದೆ.

"ಆವತ್ತು ಠಾಣೇಲಿ ಕೆಳಗೆ ನನ್ನ ಸಹಿ ಹಾಕಿಸ್ಕಂಡ್ರಲ್ಲ, ಮೇಲಿಂದು ಓದಿದ್ದೆ. ಆ ಸಾಲು ಮರೆಯಾಕ ಆಗ್ಲಿಲ್ಲ. ನೀವು ಮೊದಲ್ನೇ ಭಾನುವಾರ ಇಲ್ಲಿ ಕೂತು ಪುಸ್ತಕದಾಗ ಬರೆದ್ರಲ್ಲ, ಅಕ್ಷರ ನೋಡ್ತಲೇ ಗೊತ್ತಾತು. ಹೆಂಡ್ರಿಗೆ ಹೇಳ್ದೆ, ಇವ್ರೇ ಬರೆದಿದ್ದು, ವಾರ ವಾರ ಮನೆಗೆ ಬರ್ತಾರೆ, ಒಂದಿನ ಇವ್ರ ಕಣ್ಣಿಗೆ ಬಿದ್ದೇ ಬೀಳ್ತೀನಿ ಅಂತ." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಆರು ವರ್ಷ ಕಾದೆ ಸಾರ್" ಎಂದ.

ಅಷ್ಟರಲ್ಲಿ ಮಗಳು ಚಾ ತಂದಳು. ಮುಖ ಇಳಿದಿತ್ತು, ಆದರೂ ನನ್ನನ್ನು ಕಂಡು ನಕ್ಕಳು. ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದಿದ್ದಳು. ಅವಳಪ್ಪ, "ಬ್ಯಾಡವ್ವ, ಇನ್ನು ಸಹಿ ಇಲ್ಲ, ಎಲ್ಲ ಮುಗೀತು" ಎಂದ.

ಅವಳು ಅಪ್ಪನ ಮುಖ ನೋಡಿದಳು. ಅವನ ಜೇಬಿನಿಂದ ಇಣುಕುತ್ತಿದ್ದ ಕಾಗದ ನೋಡಿದಳು. ಇಪ್ಪತ್ತು ದಾಟಿದ ಹುಡುಗಿ, ಮಕ್ಕಳಿಗೆ ಪಾಠ ಹೇಳುವವಳು. ಸಿಲಿಂಡರಿನ ಕಥೆಯನ್ನು ಅವಳು ಎಷ್ಟು ವರ್ಷ ನಂಬಿದ್ದಳೋ, ಯಾವಾಗ ಬಿಟ್ಟಳೋ ನನಗೆ ತಿಳಿಯದು. ಚಾ ನನ್ನ ಕೈಗಿಟ್ಟು, ಮೊದಲಿನ ಹಾಗೇ ಕೇಳಿದಳು.

"ಅಪ್ಪಾಜಿ ಪಾಸಾ ಮಾಮ?"

"ಅವ್ರು ಯಾವತ್ತೋ ಪಾಸಾಗಿದ್ರವ್ವ. ಫೇಲಾದೋನು ನಾನು" ಎಂದೆ. ಈ ಸಲ ತಡವಾಗಲಿಲ್ಲ.