ರೇಡಿಯೇಟರಿನಲ್ಲಿ ತೇಲಿದ ಎಣ್ಣೆ

ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ಕೆಟ್ಟು ನಿಂತರೆ ಹಿಂದಿನವರು ಹಾರ್ನ್ ಹೊಡೆಯುವುದು ಕಾರಿಗಲ್ಲ, ನಮ್ಮ ಜನ್ಮಕ್ಕೆ. ಆ ಸೋಮವಾರ ಮಗಳ ಸ್ಕೂಲಿಗೆ ರಜೆಯೆಂದು ಕಾರು ತೆಗೆದುಕೊಂಡು ಆಫೀಸಿಗೆ ಹೊರಟಿದ್ದ ನಾನು ಅಲ್ಲೇ ಸಿಕ್ಕಿಹಾಕಿಕೊಂಡೆ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು, ಬಾನೆಟ್ ಸಂದಿಯಿಂದ ಆವಿ ಬರುತ್ತಿತ್ತು. ಗಾಬರಿಯಾಗಲಿಲ್ಲ. ಗಾಬರಿಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಮನೆ, ಮಗಳು, ಆಫೀಸು, ಅಪ್ಪ, ಈಗ ಇದೂ ಒಂದು ಎಂದುಕೊಂಡು ಗ್ಯಾರೇಜಿಗೆ ಫೋನ್ ಮಾಡಿದೆ.

ನಮ್ಮ ಮನೆಯಿರುವ ಯಲಹಂಕದವರೆಗೆ ಗಾಡಿ ಎಳೆಸಿಕೊಂಡು ಬಂದು, ಇಂಜಿನ್ ತಣ್ಣಗಾಗುವ ತನಕ ಕಾದೆವು. ಆಮೇಲೆ ಮೆಕ್ಯಾನಿಕ್ ರೇಡಿಯೇಟರ್ ಮುಚ್ಚಳ ತೆಗೆದು ಬಗ್ಗಿ ನೋಡಿದ. ಇಂಜಿನ್ ತಣ್ಣಗಿಡುವ ಹಸಿರು ಕೂಲೆಂಟಿನ ಮೇಲೆ ಎಣ್ಣೆ ತೇಲುತ್ತಿತ್ತು, ಸಾರಿನ ಮೇಲೆ ಒಗ್ಗರಣೆ ತೇಲುವ ಹಾಗೆ.

"ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು ಅಕ್ಕಾ. ಇಂಜಿನ್ ಆಯಿಲ್ ಇದಕ್ಕೆ ಇಳೀತಿದೆ. ಇಂಜಿನ್ ಬಿಚ್ಬೇಕಾಗುತ್ತೆ" ಎಂದ. ಖಾತ್ರಿಗೆಂದು ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು, ಒರೆಸಿ, ಇನ್ನೊಮ್ಮೆ ಅದ್ದಿ ನೋಡಿದ. ಗ್ಯಾಸ್ಕೆಟ್ ಹೋಗಿದ್ದರೆ ಇಂಜಿನ್ ಆಯಿಲು ಮಜ್ಜಿಗೆಯಂತೆ ಬೆಳ್ಳಗಾಗಿರಬೇಕಿತ್ತಂತೆ. ಹಾಗೇನೂ ಆಗಿರಲಿಲ್ಲ.

ನಾನು ತೇಲುತ್ತಿದ್ದ ಎಣ್ಣೆಗೆ ಬೆರಳಿಟ್ಟು ಮೂಸಿದೆ. ಎಳ್ಳೆಣ್ಣೆ.

ಶನಿವಾರ ಆಂಜನೇಯನ ಗುಡಿಯಲ್ಲಿ ದೀಪ ಹಚ್ಚಲು ಡಿಕ್ಕಿಯಲ್ಲಿ ಒಂದು ಬಾಟಲಿ ಎಳ್ಳೆಣ್ಣೆ ಇಟ್ಟಿರುತ್ತೇನೆ. ಆ ವಾರ ಸುಸ್ತಾಗಿ ಗುಡಿಗೆ ಹೋಗಿರಲಿಲ್ಲ. ಡಿಕ್ಕಿ ತೆಗೆದು ನೋಡಿದರೆ ಬಾಟಲಿ ಖಾಲಿ. ಪಕ್ಕದಲ್ಲಿದ್ದ ಕೂಲೆಂಟ್ ಕ್ಯಾನಿನ ಸೀಲೇ ಒಡೆದಿರಲಿಲ್ಲ.

ಭಾನುವಾರ ಅಪ್ಪ ಬಾನೆಟ್ ಎತ್ತಿದ್ದರು. "ಕೂಲೆಂಟ್ ಕಮ್ಮಿ ಇತ್ತು, ತುಂಬಿಸಿದೀನಿ" ಎಂದು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಿದ್ದರು. ಸರ್ವೀಸು ಪೂರ್ತಿ ಸಿಟಿ ಬಸ್ ಓಡಿಸಿದವರು ಅವರು. ರಿಟೈರ್ ಆದ ಮೇಲೆ ನನ್ನ ಮಗಳನ್ನು ದಿನಾ ಇದೇ ಕಾರಿನಲ್ಲಿ ಜಕ್ಕೂರಿನ ಸ್ಕೂಲಿಗೆ ಬಿಟ್ಟು, ಸಂಜೆ ಕರೆತರುತ್ತಿದ್ದರು. ಹೋದ ತಿಂಗಳು ಒಂದು ಸಂಜೆ ಅವಳನ್ನು ಕೂರಿಸಿಕೊಂಡು, ಮನೆ ದಾಟಿ ಏರ್‌ಪೋರ್ಟ್ ದಾರಿಯ ಚಿಕ್ಕಜಾಲದ ತನಕ ಹೋಗಿಬಿಟ್ಟಿದ್ದರು. ಕೇಳಿದ್ದಕ್ಕೆ, ಟ್ರಾಫಿಕ್ಕು, ಸುತ್ತಿಕೊಂಡು ಬಂದೆ ಎಂದಿದ್ದರು. ಜಕ್ಕೂರಿಂದ ಯಲಹಂಕಕ್ಕೆ ಬರಲು ಯಾರಾದರೂ ಚಿಕ್ಕಜಾಲ ಸುತ್ತುತ್ತಾರೆಯೇ? ನಾನು ನಂಬಿದ್ದೆ. ನಂಬಿದರೆ ಮುಂದಿನ ಕೆಲಸ ನೋಡಬಹುದಿತ್ತು.

"ಬಚಾವಾದ್ರಿ ಅಕ್ಕಾ. ಇಂಜಿನ್‌ಗೇನೂ ಆಗಿಲ್ಲ. ಒಳಗೆಲ್ಲ ತೊಳೆದು ಪೈಪ್ ಬದಲಾಯಿಸಿದ್ರೆ ಸಾಕು" ಎಂದ ಮೆಕ್ಯಾನಿಕ್. ಗ್ಯಾಸ್ಕೆಟ್ಟೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ನನಗೆ.

ಸಂಜೆ ಕಾರು ತಂದು ನಿಲ್ಲಿಸುವಾಗ ಅಪ್ಪ ಗೇಟಿನ ಹತ್ತಿರವೇ ಕಾಯುತ್ತಿದ್ದರು.

"ಏನಂತೆ?"

"ಕೂಲೆಂಟಲ್ಲಿ ಎಣ್ಣೆ ಸೇರಿತ್ತಪ್ಪ."

ಅವರ ಮುಖ ಅರಳಿತು. "ಡಿಪ್‌ಸ್ಟಿಕ್ ತೆಗೆದು ನೋಡಿದ್ರಾ?"

"ನೋಡಿದ್ರು. ಕ್ಲೀನಾಗಿತ್ತು."

"ಹಂಗಾದ್ರೆ ಗ್ಯಾಸ್ಕೆಟ್ ಅಲ್ಲ. ಯಾರೋ ಹೊರಗಿಂದ ಸುರಿದಿದಾರೆ. ಯಾರು ಕಣೇ ಅದು, ತಲೆ ಕೆಟ್ಟೋರು?"

ನಾನು ಅವರ ಮುಖವನ್ನೇ ನೋಡಿದೆ. ಏನನ್ನೋ ಮುಚ್ಚಿಟ್ಟುಕೊಂಡವರ ಮುಖವಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದರು.

"ನಾನೇ ಅಪ್ಪ" ಎಂದೆ. "ಬಾಟ್ಲಿ ಅದಲುಬದಲಾಯ್ತು."

ಮನಸೋ ಇಚ್ಛೆ ಬೈದರು. ಡ್ರೈವರ್ ಮಗಳಾಗಿ ಹುಟ್ಟಿ ಎಣ್ಣೆ ಯಾವುದು, ಕೂಲೆಂಟ್ ಯಾವುದು ಅಂತ ತಿಳಿಯದಿದ್ದರೆ ಹೇಗೆ ಎಂದರು. ಹೆಗಲ ಮೇಲಿನ ಬ್ಯಾಗ್ ಕೂಡ ಇಳಿಸದೆ ನಿಂತು ಕೇಳಿಸಿಕೊಂಡೆ. ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಹಳೆಯ ಗತ್ತು ಇತ್ತು. ಬೈದು ಮುಗಿಸಿ ಕೈ ಚಾಚಿದರು.

"ಕೀ ಕೊಡು ಇಲ್ಲಿ. ಇನ್ಮೇಲೆ ಗಾಡಿ ವಿಷ್ಯಕ್ಕೆ ನೀನು ಬರ್ಬೇಡ. ಬೆಳಿಗ್ಗೆ ಮಗೂನ ಬಿಡ್ಬೇಕು ನಾನು."

ಕೀ ನನ್ನ ಮುಷ್ಟಿಯಲ್ಲೇ ಇತ್ತು.

"ನಾಳೆಯಿಂದ ನಾನೇ ಬಿಡ್ತೀನಿ ಅಪ್ಪ" ಎಂದೆ.

ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.